ಒಂದು ಮಾತ್ರೆ ಕಡಿಮೆ

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಅರಸೀಕೆರೆಯ ಒಂದು ಕಾಲೇಜಿನಲ್ಲಿ ಕನ್ನಡ ಪಾಠ ಹೇಳುತ್ತಿದ್ದೆ. ಒಂದು ದಿನ ಪ್ರಿನ್ಸಿಪಾಲರು ಕರೆದು, ಬೇಲೂರಿನಲ್ಲಿ ಕೆಲವು ಸಾಹಿತ್ಯಾಸಕ್ತರು ಸೇರಿ ಹಳ್ಳಿಯ ಆಡುಮಾತಿನ ಬಗ್ಗೆ ಗೋಷ್ಠಿ ಇಟ್ಟುಕೊಂಡಿದ್ದಾರೆ, ಕಾಲೇಜಿನಿಂದ ಒಬ್ಬರು ಪ್ರಬಂಧ ಓದಬೇಕಂತೆ ಎಂದರು. "ನೀವು ಹಳ್ಳಿ ಕಡೆಯವರು. ನೀವೇ ಹೋಗಿಬನ್ನಿ."

ನಾನು ಹಳ್ಳಿ ಕಡೆಯವಳು ಎಂಬುದು ನಿಜ. ನಮ್ಮೂರು ಗಂಡಸಿ ಹೋಬಳಿಯಲ್ಲಿ. ಆದರೆ ಹಳ್ಳಿಯ ಮಾತು ನನ್ನದೋ ಅಲ್ಲವೋ ಎಂದು ಯಾರಾದರೂ ಕೇಳಿದ್ದರೆ ಏನು ಹೇಳುತ್ತಿದ್ದೆನೋ ತಿಳಿಯದು. ನಮ್ಮಪ್ಪ ಪ್ರೈಮರಿ ಶಾಲೆಯ ಮೇಷ್ಟ್ರು. ನಾನು ಹುಟ್ಟುವ ಮೊದಲೇ ಬೌದ್ಧ ದೀಕ್ಷೆ ತೆಗೆದುಕೊಂಡವರು. ಮನೆಯಲ್ಲಿ ಬುದ್ಧನ ಪಟದಷ್ಟೇ ಗಟ್ಟಿಯಾಗಿ ನಿಂತಿದ್ದ ಇನ್ನೊಂದು ವಿಷಯವೆಂದರೆ ಅವರ ಕನ್ನಡ. ನಾವು ಮಕ್ಕಳು ಯಾರಾದರೂ 'ಐತೆ' ಅಂದರೆ ಅವರು ಬೈಯುತ್ತಿರಲಿಲ್ಲ, ಹೊಡೆಯುತ್ತಿರಲಿಲ್ಲ. ಕೈಲಿದ್ದ ಕೆಲಸ ನಿಲ್ಲಿಸಿ ನಮ್ಮ ಮುಖ ನೋಡುತ್ತಾ ಕೂರುತ್ತಿದ್ದರು, ನಾವು 'ಇದೆ' ಅನ್ನುವವರೆಗೆ. ಅವ್ವ ಮಾತ್ರ ಇಡೀ ದಿನ ಐತೆ, ಬತ್ತೀನಿ, ಬ್ಯಾಡ ಎನ್ನುತ್ತಲೇ ಇದ್ದಳು. ಅವಳನ್ನು ಅಪ್ಪ ಒಂದು ದಿನವೂ ತಿದ್ದಿದ್ದು ಕಾಣೆ. ಅವ್ವನಿಗೆ ಬಿಟ್ಟ ಮಾತು ನಮಗೇಕೆ ಬೇಡ ಎಂಬ ಪ್ರಶ್ನೆ ಆಗಲೇ ಇತ್ತು. ಕೇಳುವ ಧೈರ್ಯ ಇರಲಿಲ್ಲ.

ಪ್ರಬಂಧಕ್ಕೆ ಕವಿತೆ ಹುಡುಕುವುದು ಕಷ್ಟವಾಗಲಿಲ್ಲ. ಬೇಲೂರಿನವರೇ ತರುತ್ತಿದ್ದ ಒಂದು ಸಣ್ಣ ಪತ್ರಿಕೆಯಲ್ಲಿ, ಪಿನ್ನು ಹೊಡೆದ ಹತ್ತಾರು ಹಾಳೆಗಳ ನಡುವೆ, ನಾಲ್ಕೇ ಸಾಲಿನ ಒಂದು ಪದ್ಯ ಕಣ್ಣಿಗೆ ಬಿತ್ತು. ಬರೆದವರ ಹೆಸರಿನ ಕೆಳಗೆ ಹಳೇಬೀಡು ಎಂದಷ್ಟೇ ಇತ್ತು.

ಉಪ್ಪು ಐತಾ ಬೆಲ್ಲ ಐತಾ
ಸೊಪ್ಪು ಬ್ಯಾಡ ಕಾಳು ಬ್ಯಾಡ
ತಪ್ಪು ತಿಳ್ಕೋ ಬ್ಯಾಡಿ ಅಣ್ಣಾ
ನೆಪ್ಪು ಐತಾ ನನ್ನ ಮಗ್ಳು

ಒಬ್ಬ ಹೆಂಗಸು ಅಂಗಡಿಗೆ ಬಂದಿದ್ದಾಳೆ. ಏನೇನೋ ಕೇಳುತ್ತಾಳೆ, ಬೇಡ ಅನ್ನುತ್ತಾಳೆ, ಕಡೆಗೆ ತಾನು ಕೇಳಲು ಬಂದದ್ದನ್ನೇ ಕೇಳುತ್ತಾಳೆ: ನನ್ನ ಮಗಳು ನಿಮಗೆ ನೆನಪಿದ್ದಾಳಾ? ಅಷ್ಟೇ. ಓದಿದ ಕೂಡಲೇ ಇದು ನಮ್ಮ ಕೇರಿಯ ಹೆಂಗಸು ಎಂದು ನನಗೆ ಅನಿಸಿಬಿಟ್ಟಿತು. 'ನೆಪ್ಪು' ಎಂಬ ಮಾತನ್ನು ಅವ್ವ ಆಡಿದ್ದು ಬಿಟ್ಟರೆ ಅಚ್ಚಿನಲ್ಲಿ ಕಂಡದ್ದು ಅದೇ ಮೊದಲು.

ಲೆಕ್ಕಕ್ಕೆ ಕೂತೆ. ಪದ್ಯದ ಸಾಲನ್ನು ನಾವು ಮಾತ್ರೆಗಳಲ್ಲಿ ಅಳೆಯುತ್ತೇವೆ. ಗಿಡ್ಡ ಅಕ್ಷರ ಲಘು, ಒಂದು ಮಾತ್ರೆ. ಉದ್ದ ಅಕ್ಷರ ಗುರು, ಎರಡು. ಒತ್ತಕ್ಷರ ಬಂದರೆ ಅದರ ಹಿಂದಿನ ಅಕ್ಷರವೂ ಗುರುವಾಗುತ್ತದೆ. ಹೈಸ್ಕೂಲಿನ ಮಕ್ಕಳಿಗೂ ಗೊತ್ತಿರುವ ವಿಷಯ. ಮೊದಲ ಸಾಲು ಹಾಕಿದೆ: ಮೂರು, ನಾಲ್ಕು, ಮೂರು, ನಾಲ್ಕು. ಒಟ್ಟು ಹದಿನಾಲ್ಕು. ಹಳೆಯ ಕಾವ್ಯಗಳ ನಡಿಗೆಯೇ ಇದು. ಇನ್ನು ಪ್ರತಿ ಸಾಲಿನ ಎರಡನೇ ಅಕ್ಷರ ನೋಡಿದರೆ ಉಪ್ಪು, ಸೊಪ್ಪು, ತಪ್ಪು, ನೆಪ್ಪು. ಅದೂ ಹಳೆಯ ಕಾವ್ಯದ ಪ್ರಾಸವೇ. ಅಂಗಡಿ ಮುಂದೆ ನಿಂತವಳ ಬಾಯಲ್ಲಿ ಇಷ್ಟು ಕಟ್ಟುನಿಟ್ಟಾದ ಪದ್ಯ ಕೂತಿದೆಯಲ್ಲ ಎಂದು ಖುಷಿಯಾಯಿತು. ನೆಪ್ಪು ಎಂಬುದನ್ನು 'ನೆನಪು' ಎಂದು ತಿದ್ದಿದರೆ ಪ್ರಾಸ ಹೋಯಿತು. ಆಡುಮಾತೇ ಪದ್ಯವನ್ನು ಹಿಡಿದು ನಿಲ್ಲಿಸಿದೆ ಎಂದು ಬರೆದುಕೊಂಡೆ. ಪ್ರಬಂಧ ಅರ್ಧ ಮುಗಿಯಿತು ಎಂದುಕೊಂಡೆ.

ಎರಡನೇ ಸಾಲಿಗೆ ಬಂದಾಗ ಗೊಂದಲ ಶುರುವಾಯಿತು. ಪುಸ್ತಕದ ನಿಯಮದಂತೆ ಎಣಿಸಿದರೆ ಅದೂ ಹದಿನಾಲ್ಕೇ. ಆದರೆ ಆ ಹದಿನಾಲ್ಕು ಬರುವುದು ಎರಡು ಕಡೆ 'ಬ್ಯಾ' ಎಂಬ ಒತ್ತಕ್ಷರ ಹಿಂದಿನ ಅಕ್ಷರವನ್ನು ಗುರು ಮಾಡುವುದರಿಂದ. ಬಾಯಲ್ಲಿ ಹೇಳಿ ನೋಡಿ. 'ಸೊಪ್ಪು ಬ್ಯಾಡ' ಎನ್ನುವಾಗ ಯಾರೂ 'ಪ್ಪು' ಮೇಲೆ ಭಾರ ಹಾಕುವುದಿಲ್ಲ. ಬ್ಯಾ ಎಂಬುದು ಹಾಳೆಯ ಮೇಲೆ ಒತ್ತಕ್ಷರ, ನಾಲಗೆಯ ಮೇಲೆ ಒಂದೇ ಅಕ್ಷರ. ಕಿವಿಯ ಲೆಕ್ಕದಲ್ಲಿ ಆ ಸಾಲು ಹನ್ನೆರಡೇ. ಕಣ್ಣಿಗೆ ಹದಿನಾಲ್ಕು, ಕಿವಿಗೆ ಹನ್ನೆರಡು. ಯಾವುದನ್ನು ಬರೆಯುವುದು?

ಕಡೆಯ ಸಾಲಂತೂ ಕಣ್ಣಿಗೂ ಸಮವಾಗಲಿಲ್ಲ. ಹದಿಮೂರು. ಒಂದು ಮಾತ್ರೆ ಕಡಿಮೆ. ಸಾಲಿನ ಕೊನೆಯ ಅಕ್ಷರವನ್ನು ಬೇಕಾದರೆ ಗುರು ಎಂದು ಎಣಿಸಬಹುದು ಎಂಬ ವಿನಾಯಿತಿ ಇದೆ. ಹಾಗೆ ಎಣಿಸಿದರೆ ಕಡೆಯ ಸಾಲು ಹದಿನಾಲ್ಕಾಗುತ್ತಿತ್ತು, ಆದರೆ ಎರಡನೆಯದು ಹದಿನೈದಕ್ಕೆ ಏರುತ್ತಿತ್ತು. ಒಂದು ಕಡೆ ಸರಿಮಾಡಿದರೆ ಇನ್ನೊಂದು ಕಡೆ ಕೆಡುತ್ತಿತ್ತು. ದೊಡ್ಡ ಹಾಸಿಗೆಗೆ ಪುಟ್ಟ ಬೆಡ್‌ಶೀಟು ಹಾಕಲು ಹೋದವಳಂತೆ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಓಡಾಡುತ್ತಿದ್ದೆ.

ಅಪ್ಪ ನಿವೃತ್ತರಾದ ಮೇಲೆ ಅವ್ವ ಅಪ್ಪ ಇಬ್ಬರೂ ಅರಸೀಕೆರೆಯ ನನ್ನ ಬಾಡಿಗೆ ಮನೆಯಲ್ಲೇ ಇದ್ದರು. ಅಡುಗೆಮನೆಯಿಂದ ಬಂದ ಅವ್ವ ನಾನು ಬೆರಳು ಮಡಿಸುತ್ತಿರುವುದನ್ನು ನೋಡಿದಳು.

"ಏನೇ ಅದು ಎಣಿಸ್ತಿರೋದು?"

"ಮಾತ್ರೆ, ಅವ್ವ."

"ಜ್ವರ ಗಿರ ಬಂದೈತಾ?"

ಪದ್ಯದ ಮಾತ್ರೆ ಎಂದು ಬಿಡಿಸಿ ಹೇಳಿ, ಓದಿ ತೋರಿಸಿ, ಅವಳೂ ಒಂದು ಸಲ ಹೇಳಲಿ ಎಂದು ಕೇಳಿದೆ. ಅವ್ವ ಸೆರಗಿಗೆ ಕೈ ಒರೆಸಿಕೊಂಡು ಹೇಳಿದಳು: "ಉಪ್ಪೈತಾ ಬೆಲ್ಲೈತಾ." ನನ್ನ ಬೆರಳು ಅಲ್ಲೇ ನಿಂತಿತು. ಉಪ್ಪು, ಐತಾ ಎಂದು ಬಿಡಿ ಬಿಡಿಯಾಗಿದ್ದುದನ್ನು ಅವಳು ಕೂಡಿಸಿಬಿಟ್ಟಿದ್ದಳು. ಹದಿನಾಲ್ಕು ಇದ್ದದ್ದು ಹನ್ನೆರಡಾಯಿತು. "ಸೊಪ್ಪು ಬ್ಯಾಡ ಕಾಳು ಬ್ಯಾಡ." ಹನ್ನೆರಡು. "ತಪ್ ತಿಳ್ಕೋ ಬ್ಯಾಡಣ್ಣಾ." ಅದೂ ಹನ್ನೆರಡು. ಬಹುವಚನ ನುಂಗಿದ್ದಳು, ಹನ್ನೆರಡು ಮಾತ್ರೆಯಲ್ಲಿ ಒಂದನ್ನೂ ನುಂಗಿರಲಿಲ್ಲ. "ನೆಪ್ಪೈತಾ ನನ್ ಮಗ್ಳು." ಹನ್ನೊಂದು. ಅಲ್ಲೂ ಒಂದು ಕಡಿಮೆ.

ಇದೇ ಉತ್ತರ ಎಂದು ನನಗನಿಸಿತು. ಬರಹದ ಪದ್ಯ ಹದಿನಾಲ್ಕರದು, ಬಾಯಿಯ ಪದ್ಯ ಹನ್ನೆರಡರದು. ಇನ್ನೊಂದು ಸಲ ಹೇಳು ಎಂದೆ. ಈ ಸಲ ಅವ್ವ ರಾಗವಾಗಿ "ಸೊಪ್ಪು ಬ್ಯಾಡಾ ಕಾಳು ಬ್ಯಾಡಾ" ಎಂದು ಎಳೆದಳು. ಎಳೆದ ಕೂಡಲೇ ಅದು ಹದಿನಾಲ್ಕಾಗಿ, ಮೊದಲ ಸಾಲಿನ ಹಾಗೆಯೇ ಮೂರು ನಾಲ್ಕು ಮೂರು ನಾಲ್ಕು ಎಂದು ನಡೆಯಿತು.

"ಅವ್ವ, ಆಗ ಹೇಳಿದ್ದು ಬೇರೆ, ಈಗ ಹೇಳಿದ್ದು ಬೇರೆ. ಯಾವುದು ಸರಿ?"

"ಆಗ ಸುಮ್ಕೆ ಹೇಳ್ದೆ. ಈಗ ನೀನು ಕೇಳ್ತಿದ್ದೀಯ ಅಂತ ಹೇಳ್ದೆ. ಎಲ್ಡೂ ಒಂದೇ ಕಣೇ." ಅವಳಿಗೆ ಒಲೆಯ ಮೇಲಿನ ಹಾಲಿನ ಯೋಚನೆ ಬಂದು ಒಳಗೆ ಹೋದಳು.

ಮರುದಿನ ಸ್ಟಾಫ್‌ರೂಮಿನಲ್ಲಿ ಅರೇಹಳ್ಳಿ ಕಡೆಯ ಸಹೋದ್ಯೋಗಿಯೊಬ್ಬರ ಹತ್ತಿರ ಓದಿಸಿದೆ. ಅವರು 'ಬ್ಯಾಡ' ಎಂಬುದನ್ನು ಕತ್ತರಿಯಲ್ಲಿ ಕತ್ತರಿಸಿದ ಹಾಗೆ ಹೇಳಿದರು. ನಮ್ಮ ಕಡೆ ಯಾರೂ ಹಾಗೆ ಎಳೆಯುವುದಿಲ್ಲ ಮೇಡಂ, ನಿಮ್ಮಮ್ಮ ಹಾಡಿದ್ದಾರೆ ಅಷ್ಟೇ ಎಂದರು. ಒಂದೇ ಜಿಲ್ಲೆ, ಬಸ್ಸಿನಲ್ಲಿ ಕೂತರೆ ಅರ್ಧ ದಿನದ ದಾರಿಯೂ ಅಲ್ಲ. ನಾನು ಯಾರ ನಾಲಗೆಯನ್ನು ಅಳತೆಗೋಲು ಮಾಡಿಕೊಳ್ಳಬೇಕು?

ಅಪ್ಪನನ್ನು ಕೇಳುವ ಮನಸ್ಸಿರಲಿಲ್ಲ. ಆದರೆ ಅವರೇ ಮೇಜಿನ ಮೇಲಿದ್ದ ಹಾಳೆ ಎತ್ತಿ ಓದಿದರು. ಐತಾ ಎಂಬಲ್ಲಿ ಅವರ ಹುಬ್ಬು ಏರುತ್ತದೆ ಎಂದು ಕಾದೆ. ಏರಲಿಲ್ಲ.

"ಇವಳು ಯಾರು?" ಎಂದರು.

"ನಮ್ಮ ಕಡೆ ಹೆಂಗಸು ಇರಬಹುದು, ಅಪ್ಪ."

"ನಮ್ಮವಳಲ್ಲ."

"ಯಾಕೆ? ನೆಪ್ಪು ಅಂತ ಅವ್ವನೂ ಅನ್ನುತ್ತಾಳಲ್ಲ."

ಅಪ್ಪ ಹಾಳೆಯನ್ನು ಇದ್ದ ಜಾಗದಲ್ಲೇ ಇಟ್ಟರು. "ನಾನು ಚಿಕ್ಕವನಿದ್ದಾಗ ನಮ್ಮಮ್ಮನ ಜೊತೆ ಅಂಗಡಿಗೆ ಹೋಗುತ್ತಿದ್ದೆ. ಕಟ್ಟೆ ಹತ್ತುವಂತಿರಲಿಲ್ಲ. ಕೆಳಗೆ ನಿಂತು ಕೂಗಬೇಕು. ಸಾಮಾನು ಮೇಲಿನಿಂದ ಹಾಕುತ್ತಿದ್ದರು, ಸೆರಗೊಡ್ಡಿ ಹಿಡಿಯಬೇಕು. ನಮ್ಮಮ್ಮ ಅಂಗಡಿಯವನನ್ನು ಅಣ್ಣಾ ಅಂದಿದ್ದರೆ ಅವತ್ತು ಉಪ್ಪು ಸಿಗುತ್ತಿರಲಿಲ್ಲ. ಬುದ್ಧೀ ಅನ್ನಬೇಕಿತ್ತು."

ಅಷ್ಟು ಹೇಳಿ ಪೇಪರ್ ತರಲು ಹೊರಟರು. ಅವರು ಬಾಗಿಲು ದಾಟಿದ ಮೇಲೆ, ನಾಚಿಕೆಯೆನಿಸಿದರೂ ತಡೆಯಲಾಗದೆ, ಎಣಿಸಿದೆ. 'ಬ್ಯಾಡಿ ಅಣ್ಣಾ', 'ಬ್ಯಾಡಿ ಬುದ್ಧೀ'. ಎರಡೂ ಏಳು. ಛಂದಸ್ಸಿಗೆ ಕಟ್ಟೆಯ ಮೇಲಿನವಳೂ ಗೊತ್ತಿಲ್ಲ, ಕೆಳಗಿನವಳೂ ಗೊತ್ತಿಲ್ಲ. ಹಾಗಾದರೆ ನಾನು ಯಾವುದನ್ನು ಅಳೆಯುತ್ತಿದ್ದೇನೆ? ಪದ್ಯ ನಮ್ಮದೆಂದು ಅನಿಸಿದ್ದು ಸುಳ್ಳೋ, ಅಪ್ಪ ಹೇಳಿದ್ದು ಹಳೆಯ ಕಾಲದ ಮಾತೋ? ಬರೆದವರನ್ನೇ ಕೇಳೋಣ ಎಂದು ಮುಂದಿನ ಭಾನುವಾರ ಹಳೇಬೀಡಿನ ಬಸ್ಸು ಹತ್ತಿದೆ.

ಬಸ್‌ಸ್ಟ್ಯಾಂಡಿನಲ್ಲಿ ಹೆಸರು ಹೇಳಿದ ಕೂಡಲೇ, ಬಸದಿಗೆ ಹೋಗುವ ರಸ್ತೆಯಲ್ಲಿ ಕೇಳಿ, ದಿನಸಿ ಅಂಗಡಿ ಎಂದರು. ಬರೆದವರು ಜೈನರ ಮನೆಯ ಹೆಣ್ಣುಮಗಳು. ನಲವತ್ತರ ಆಸುಪಾಸು, ಮದುವೆಯಾಗಿರಲಿಲ್ಲ. ತಂದೆ ಹೋದ ಮೇಲೆ ಅಣ್ಣನ ಜೊತೆ ಅಂಗಡಿ ನೋಡಿಕೊಳ್ಳುತ್ತಿದ್ದರು. ಅಣ್ಣ, ಅತ್ತಿಗೆ ಎಲ್ಲರೂ ಅಂಗಡಿಯ ಹಿಂದಿನ ಮನೆಯಲ್ಲೇ ಇದ್ದರು. ನಾನು ಯಾಕೆ ಬಂದೆ ಎಂದು ಹೇಳಿದಾಗ ಅವರಿಗೆ ನಗು ಬಂತು.

"ನನ್ನ ಪದ್ಯಕ್ಕೆ ಪ್ರಬಂಧವಾ?" ಎಂದು, ಗಿರಾಕಿಯನ್ನು ಕಳಿಸಿ, ಒಳಗಿನ ಹಜಾರಕ್ಕೆ ಕರೆದುಕೊಂಡು ಹೋದರು. ಅವರ ಮಾತು ಅಚ್ಚುಕಟ್ಟಾದ ಕನ್ನಡ. ಐತೆ ಗೀತೆ ಏನೂ ಇಲ್ಲ. ನಮ್ಮಪ್ಪ ಮೆಚ್ಚುವಂಥ ಕನ್ನಡ.

"ನೀವು ಹೀಗೆ ಮಾತಾಡುವುದಿಲ್ಲವಲ್ಲ?" ಎಂದೆ.

"ಇಲ್ಲ. ಅಂಗಡಿಗೆ ಬರುವವರು ಆಡುತ್ತಾರೆ. ಹುಟ್ಟಿದಾಗಿಂದ ಕೇಳಿದ್ದೇನೆ."

"ಹಾಗಾದರೆ ಈ ಹೆಂಗಸು ಯಾರು? ಮಗಳು ಎಲ್ಲಿಗೆ ಹೋಗಿದ್ದಳು?"

"ಒಬ್ಬಳಲ್ಲ ಮೇಡಂ. ಮೊದಲ ಸಾಲು ದಿನವೂ ಯಾರಾದರೂ ಕೇಳುವುದೇ. ಎರಡನೆಯದೂ ಅಷ್ಟೇ. ಮೂರನೆಯದು ನಾನು ಪ್ರಾಸಕ್ಕೆ ಅಂತ ಸೇರಿಸಿದ್ದು. ನಾಲ್ಕನೆಯದು..." ಎಂದು ನಿಲ್ಲಿಸಿ, ಒಳಕೋಣೆಯ ಬಾಗಿಲ ಕಡೆ ನೋಡಿದರು. ಅಲ್ಲಿ ಮಂಚದ ಮೇಲೆ ವಯಸ್ಸಾದ ಹೆಂಗಸೊಬ್ಬರು ಗೋಡೆಗೆ ಒರಗಿ ಕೂತು, ಸೀರೆಯ ಅಂಚನ್ನು ಮಡಿಸುವುದು, ಬಿಚ್ಚುವುದು ಮಾಡುತ್ತಿದ್ದರು. "ನಾಲ್ಕನೆಯದು ನಮ್ಮಮ್ಮನದು."

ಆಮೇಲೆ ಅವರು ಹೇಳಿದ್ದು ಇದು. ಅವರ ತಾಯಿಗೆ ಕೆಲವು ವರ್ಷಗಳಿಂದ ಮರೆವು. ಒಂದು ದಿನ ಬೆಳಿಗ್ಗೆ ಆ ತಾಯಿ ಹಿಂಬಾಗಿಲಿಂದ ಹೊರಗೆ ಹೋಗಿ, ರಸ್ತೆ ಸುತ್ತಿಕೊಂಡು ಅಂಗಡಿಯ ಮುಂಭಾಗಕ್ಕೆ ಬಂದು ನಿಂತರಂತೆ. ಮದುವೆಯಾಗಿ ಬಂದಾಗಿನಿಂದ ಅಂಗಡಿಯನ್ನು ಒಳಗಿನಿಂದಲೇ ನೋಡಿದವರು, ಗಿರಾಕಿ ನಿಲ್ಲುವ ಜಾಗದಲ್ಲಿ ಎಂದೂ ನಿಂತವರಲ್ಲ. ಗಲ್ಲಾಪೆಟ್ಟಿಗೆಯ ಮುಂದೆ ಮಗಳೇ ಕೂತಿದ್ದಳು. ಅವಳ ಮುಖ ನೋಡಿ ಕೇಳಿದರಂತೆ: ನೆಪ್ಪು ಐತಾ ನನ್ನ ಮಗ್ಳು?

"ಬಾಯಿ ತೆರೆದರೆ ಶುದ್ಧ ಕನ್ನಡ ಆಡಿದವರು ನಮ್ಮಮ್ಮ. ನಮ್ಮ ಮನೆಯಲ್ಲಿ ನೆಪ್ಪು ಎನ್ನುವ ಮಾತೇ ಇರಲಿಲ್ಲ. ನಾನೇ ಎದುರಿಗೆ ಕೂತಿದ್ದೇನೆ, ನನ್ನನ್ನೇ ನನ್ನ ಬಗ್ಗೆ ಕೇಳುತ್ತಿದ್ದಾರೆ, ಅದೂ ಗಿರಾಕಿಗಳ ಮಾತಿನಲ್ಲಿ. ನನಗೆ ಹೆದರಿಕೆಯಾಯಿತೋ ನಗು ಬಂತೋ ಇವತ್ತಿಗೂ ಗೊತ್ತಿಲ್ಲ. ನೆನಪಿದ್ದಾಳೆ ಅಮ್ಮಾ ಅಂದೆ. ಸರಿ ಹಾಗಾದ್ರೆ ಬತ್ತೀನಿ ಅಂತ ಹೊರಟೇಬಿಟ್ಟರು. ಹಿಂದೆ ಓಡಿ ಕರೆದುಕೊಂಡು ಬಂದೆ."

ಬಂದ ಕೆಲಸದ ನೆನಪಾಗಿ, ಬೇರೆ ಏನೂ ಕೇಳಲು ಬಾರದೆ, "ಮಗ್ಳೂ ಎಂದು ಎಳೆದರಾ, ಮಗ್ಳು ಎಂದು ನಿಲ್ಲಿಸಿದರಾ?" ಎಂದು ಕೇಳಿದೆ. ಕೇಳಿದ ಮೇಲೆ ಕೆಟ್ಟದೆನಿಸಿತು. ಅವರು ಮಾತ್ರ ಕಣ್ಣು ಮುಚ್ಚಿ ನಿಜವಾಗಿಯೂ ನೆನಪಿಸಿಕೊಳ್ಳಲು ನೋಡಿದರು.

"ಗೊತ್ತಿಲ್ಲ. ಬರೆಯುವಾಗ ಎಷ್ಟೋ ಸಲ ಹೇಳಿಕೊಂಡು ನೋಡಿದೆ. ಒಂದೊಂದು ಸಲ ಒಂದೊಂದು ಥರ ಕೇಳುತ್ತದೆ."

ಹೊರಡುವಾಗ ಅವರು ಕೇಳಿಕೊಂಡದ್ದು ಒಂದೇ. ಅಮ್ಮನ ವಿಷಯ ಗೋಷ್ಠಿಯಲ್ಲಿ ಹೇಳಬೇಡಿ, ಅಣ್ಣನಿಗೆ ಇಷ್ಟವಾಗುವುದಿಲ್ಲ. ಆಗಲಿ ಎಂದೆ. ಈಗ ಬರೆಯುತ್ತಿರುವುದು, ಬೇಕಾದರೆ ಬರೆಯಿರಿ ಎಂದು ಎಷ್ಟೋ ವರ್ಷಗಳ ಮೇಲೆ ಅವರೇ ಹೇಳಿದ್ದರಿಂದ.

ವಾಪಸು ಬರುವ ಬಸ್ಸಿನಲ್ಲಿ ಜಾವಗಲ್ ದಾಟುವವರೆಗೂ ಅದೇ ಯೋಚನೆ. ಅಪ್ಪ ಹೇಳಿದ್ದು ಸರಿ, ಅದು ನಮ್ಮವಳ ಮಾತಲ್ಲ. ಹಾಗೆಂದು ಪದ್ಯ ಬರೆದವರ ಮನೆಯ ಮಾತೂ ಅಲ್ಲ. ಅಂಗಡಿಯ ಮುಂದೆ ನಿಂತ ಯಾವ್ಯಾವುದೋ ಹೆಂಗಸರ ಮಾತು ಗೋಡೆಯಾಚೆಯ ಒಬ್ಬರ ಕಿವಿಗೆ ದಶಕಗಟ್ಟಲೆ ಬಿದ್ದು, ತನ್ನ ಸ್ವಂತ ಮಾತು ಮರೆತಾಗ ಹೊರಗೆ ಬಂದಿತ್ತು. ಆ ಹೆಂಗಸರಲ್ಲಿ ನಮ್ಮ ಕೇರಿಯಂಥ ಕೇರಿಯವರೂ ಇದ್ದರೇ? ಇದ್ದಿರಲೂಬಹುದು. ನಾನು ಬರೆಯಬೇಕಿದ್ದದ್ದು ಆಡುಮಾತಿನ ಪದ್ಯದ ರೂಪ ಮತ್ತು ನಾದದ ಬಗ್ಗೆ. ನನಗೆ ಗೊತ್ತಾಗಿದ್ದರಲ್ಲಿ ಯಾವುದು ರೂಪ, ಯಾವುದು ನಾದ, ಯಾವುದು ಅವರ ಮನೆಯ ಗುಟ್ಟು ಎಂದು ಬೇರೆ ಮಾಡಲಾಗಲಿಲ್ಲ.

ಗೋಷ್ಠಿಯ ದಿನ ಅಪ್ಪ ತಾವೂ ಬರುತ್ತೇನೆ ಎಂದಾಗ ಇನ್ನಷ್ಟು ಗಾಬರಿಯಾಯಿತು. ಇಸ್ತ್ರಿ ಮಾಡಿದ ಬಿಳಿ ಶರ್ಟು ಹಾಕಿಕೊಂಡು ಮುಂಚೆಯೇ ತಯಾರಾಗಿದ್ದರು. ಬೇಲೂರಿನ ಶಾಲೆಯೊಂದರ ಸಭಾಂಗಣ. ಮುಂದೆ ಸಾಹಿತಿಗಳು, ಹಿಂದೆ ಕಾಲೇಜು ಹುಡುಗಿಯರು. ಅಪ್ಪ ನಡುವೆ ಒಂದು ಕುರ್ಚಿ ಹುಡುಕಿ ಕೂತರು. ಅಧ್ಯಕ್ಷತೆ ವಹಿಸಿದ್ದವರು ಹಿರಿಯ ಪ್ರಾಧ್ಯಾಪಕರು, ಮೈಸೂರಿನಿಂದ ಬಂದವರು, ಒಳ್ಳೆಯ ಮನುಷ್ಯ.

ನಾನು ಕಪ್ಪು ಹಲಗೆಯ ಮೇಲೆ ನಾಲ್ಕು ಸಾಲು ಬರೆದು, ಗುರು ಲಘುಗಳ ಗುರುತು ಹಾಕಿ, ಕಣ್ಣಿನ ಹದಿನಾಲ್ಕು, ಕಿವಿಯ ಹನ್ನೆರಡು ಎಂದು ವಿವರಿಸಿದೆ. ಎರಡರಲ್ಲೂ ಕಡೆಯ ಸಾಲಿಗೆ ಒಂದು ಮಾತ್ರೆ ಕಡಿಮೆ ಬೀಳುತ್ತದೆ, ಯಾಕೆಂದು ಹೇಳಲು ನನಗೆ ಆಗುತ್ತಿಲ್ಲ ಎಂದೆ. ಹಾಗೆ ಒಪ್ಪಿಕೊಂಡದ್ದು ಅಧ್ಯಕ್ಷರಿಗೆ ಸರಿಬರಲಿಲ್ಲವೇನೋ. ನಡುವೆಯೇ ಮೈಕು ತೆಗೆದುಕೊಂಡರು.

"ತಾವು ಆ ಭಾಗದವರೇ ಅಲ್ಲವೇ? ಬರೆದ ಹಾಗಲ್ಲ, ನಿಮ್ಮ ಊರಿನಲ್ಲಿ ಹೇಳುವ ಹಾಗೆ ಒಮ್ಮೆ ಓದಿಬಿಡಿ. ಎಲ್ಲಾ ತಾನಾಗಿ ತಿಳಿಯುತ್ತದೆ."

ಬಾಯಿ ತೆರೆದೆ. ಅಪ್ಪ ನೋಡುತ್ತಿದ್ದರು, ಚಿಕ್ಕಂದಿನಲ್ಲಿ ಕೈಕೆಲಸ ನಿಲ್ಲಿಸಿ ನೋಡುತ್ತಿದ್ದ ಹಾಗೆಯೇ. ನನ್ನ ಬಾಯಿಂದ ಬಂದದ್ದು, "ಉಪ್ಪು ಇದೆಯಾ." ಹಲಗೆಯ ಮೇಲೆ ಐತಾ ಎಂದು ನಾನೇ ಬರೆದಿದ್ದೆ. ಹಿಂದಿನ ಸಾಲಿನ ಹುಡುಗಿಯರು ಕಿಸಕ್ಕೆಂದರು. ನಾನು ಗಂಟಲು ಸರಿಮಾಡಿಕೊಂಡು ಮತ್ತೆ ಶುರುಮಾಡಿದೆ. ಈ ಸಲ ಅವ್ವನ ಹಾಗೆ "ಉಪ್ಪೈತಾ ಬೆಲ್ಲೈತಾ" ಎಂದು ಬಂತು. ಅದಕ್ಕೂ ನಕ್ಕರು. ಮೊದಲ ನಗು ನಾನು ತಪ್ಪಿದ್ದಕ್ಕೆ. ಎರಡನೆಯದು ಯಾತಕ್ಕೆ? ಮೆಚ್ಚಿ ನಕ್ಕರೋ, ಮೇಡಂ ಬಾಯಲ್ಲಿ ಇಂಥ ಮಾತಾ ಎಂದು ನಕ್ಕರೋ? ನಾಲ್ಕೂ ಸಾಲು ಹೇಳಿ ಮುಗಿಸಿದೆ.

ಒಬ್ಬ ಹುಡುಗಿ ಎದ್ದು ನಿಂತಳು. "ಮೇಡಂ, ಇದನ್ನ ಹೇಳ್ತಿರೋದು ಯಾರು?"

"ಗೊತ್ತಿಲ್ಲಮ್ಮ" ಎಂದೆ. ನಾನು ಹೇಳಿದ್ದು ಸುಳ್ಳು, ಆದರೆ ಪೂರ್ತಿ ಸುಳ್ಳೂ ಅಲ್ಲ.

ಅಧ್ಯಕ್ಷರು ಕೊನೆಯಲ್ಲಿ ಈ ಕವಿತೆ ಮುಗ್ಧ ಗ್ರಾಮೀಣ ಹೆಣ್ಣಿನ ಅಂತರಾಳದ ದನಿ, ಮಣ್ಣಿನಿಂದ ನೇರವಾಗಿ ಎದ್ದುಬಂದದ್ದು ಎಂದು ಬಹಳ ಚೆನ್ನಾಗಿ ಮಾತಾಡಿದರು. ಚಪ್ಪಾಳೆ ಬಿತ್ತು. ನಾನೂ ತಟ್ಟಿದೆ.

ಸಾಯಂಕಾಲದ ಬಸ್ಸಿನಲ್ಲಿ ಅಪ್ಪ ಕಿಟಕಿ ಪಕ್ಕ ಕೂತಿದ್ದರು. ಹಳೇಬೀಡು ಬಂತು, ಹೋಯಿತು. ಆಚೆ ಬಾಣಾವರದ ಹತ್ತಿರ ಬಂದಾಗ ಅವರು ನನ್ನ ಕಡೆ ತಿರುಗಿದರು.

"ಆ ಕಡೆಯ ಸಾಲು. ಮಗ್ಳು ಅಂದರೆ ಎಷ್ಟು ಮಾತ್ರೆ?"

"ಮೂರು, ಅಪ್ಪ. ಒತ್ತಕ್ಷರದಿಂದ 'ಮ' ಗುರುವಾಗುತ್ತದೆ. ಎರಡು ಮತ್ತು ಒಂದು."

"ಮಗಳು ಅಂದರೆ?"

ಮೂರೂ ಲಘು. "ಅದೂ ಮೂರೇ."

"ಹಂ" ಎಂದರು. "ಮಗ್ಳು ಅಂದರೂ ಮೂರು, ಮಗಳು ಅಂದರೂ ಮೂರು." ಸ್ವಲ್ಪ ಹೊತ್ತಿನ ಮೇಲೆ, "ನಾನು ಏಳನೇ ಕ್ಲಾಸಿಗೆ ಛಂದಸ್ಸು ಹೇಳಿಕೊಡುತ್ತಿದ್ದೆ. ಇದು ಹೊಳೆದೇ ಇರಲಿಲ್ಲ" ಎಂದು ಮತ್ತೆ ಹೊರಗೆ ನೋಡಿದರು.

ಲೆಕ್ಕದ ಮಾತಾಗಿ ಹೇಳಿದರೋ, ಬೇರೆ ಏನನ್ನಾದರೂ ಹೇಳಿದರೋ, ನನಗೆ ತಿಳಿಯಲಿಲ್ಲ. ಕೇಳಬಹುದಿತ್ತು. ಪಕ್ಕದಲ್ಲೇ ಇದ್ದರು, ಭುಜಕ್ಕೆ ಭುಜ ತಾಗುತ್ತಿತ್ತು. ಟಿಕೇಟಿನ ಚಿಲ್ಲರೆಗೆ ಕಂಡಕ್ಟರ್ ಬಂದರು, ಆ ಮಾತು ಅಲ್ಲಿಗೇ ನಿಂತಿತು. ಆಮೇಲೂ ಮನೆಯಲ್ಲಿ ಅಪ್ಪ ಒಂದು ದಿನವೂ ಐತೆ ಎನ್ನಲಿಲ್ಲ. ನನ್ನ ಬಾಯಿಂದ ಅವ್ವನ ಮಾತು ತಪ್ಪಿ ಬಂದಾಗ ಮುಖ ನೋಡುವುದನ್ನು ಮಾತ್ರ ಬಿಟ್ಟರು. ವಯಸ್ಸಾಯಿತೆಂದು ಬಿಟ್ಟರೋ ಏನೋ.

ಗೋಷ್ಠಿಯ ಪ್ರಬಂಧಗಳು ಪುಸ್ತಕವಾಗಿ ಬರುವ ಹೊತ್ತಿಗೆ ಎರಡು ಸಾವಿರದ ಇಸವಿ ದಾಟಿತ್ತು. ಕಂಪ್ಯೂಟರಿನಲ್ಲಿ ಅಕ್ಷರ ಜೋಡಿಸಿದವರು ಯಾರೋ, ಒಳ್ಳೆಯ ಮನಸ್ಸಿನಿಂದಲೇ ಇರಬೇಕು, ಪದ್ಯದ ಬ್ಯಾಡ ಎಂಬುದನ್ನೆಲ್ಲ 'ಬೇಡ' ಎಂದು, ನೆಪ್ಪು ಎಂಬುದನ್ನು 'ನೆನಪು' ಎಂದು ತಿದ್ದಿದ್ದರು. ಐತಾ ಮಾತ್ರ ಹಾಗೇ ಉಳಿದಿತ್ತು. ಅದರ ಕೆಳಗೆ ನನ್ನ ಗುರು ಲಘುಗಳ ಪಟ್ಟಿ, ಇಲ್ಲದ ಪದ್ಯವೊಂದನ್ನು ಎಣಿಸುತ್ತಾ ಕೂತಿತ್ತು. ಪ್ರಾಸದ ಬಗ್ಗೆ ನಾನು ಬರೆದದ್ದನ್ನು ಓದಿದವರು ಈಕೆಗೆ ಏನಾಗಿದೆ ಎಂದುಕೊಂಡಿರಬೇಕು.

ಆ ಪುಸ್ತಕದ ಒಂದು ಪ್ರತಿಯನ್ನು ಹಿಡಿದುಕೊಂಡು ಹಳೇಬೀಡಿಗೆ ಹೋದೆ. ಅಷ್ಟರಲ್ಲಿ ಪದ್ಯ ಬರೆದವರ ತಾಯಿ ತೀರಿಕೊಂಡಿದ್ದರು. ನನಗೆ ಸುದ್ದಿಯೇ ಗೊತ್ತಿರಲಿಲ್ಲ. ಒಳಕೋಣೆಯ ಮಂಚ ತೆಗೆದು ಅಕ್ಕಿಯ ಮೂಟೆಗಳನ್ನು ಇಟ್ಟಿದ್ದರು. ಅವರು ಹಜಾರದಲ್ಲಿ ಕೂತು ಪ್ರಬಂಧವನ್ನು ಪೂರ್ತಿ ಓದಿದರು, ಬೆರಳಿಟ್ಟು, ನಿಧಾನವಾಗಿ.

"ಎಲ್ಲಾ ಸರಿಯಾಗಿದೆ ಮೇಡಂ. ಯಾವ ಪದ್ಯದ ಬಗ್ಗೆ ಅಂತ ಮಾತ್ರ ಗೊತ್ತಾಗಲಿಲ್ಲ" ಎಂದರು. ಇಬ್ಬರೂ ನಕ್ಕೆವು, ಅಳು ಬರುವಷ್ಟು ನಕ್ಕೆವು.

ಆಮೇಲೆ ಅವರು ಪುಸ್ತಕ ಮುಚ್ಚಿ, "ನೀವೊಂದು ಸಲ ಹೇಳಿ. ನನಗೆ ಈಗ ಹೇಳಲು ಬರುತ್ತಿಲ್ಲ" ಎಂದರು.

ಕಡೆಯ ಸಾಲಿನ ಮಗ್ಳು ಎಂಬುದನ್ನು ಗಿಡ್ಡವಾಗಿ ನಿಲ್ಲಿಸಿ ಹೇಳಿದೆ. ಅವರು ನೆಲ ನೋಡುತ್ತಾ ಕೇಳಿಸಿಕೊಂಡರು.

"ಇನ್ನೊಂದು ಸಲ."

ಈ ಸಲ ಎಳೆದು ಹೇಳಿದೆ. ಹೌದು ಎನ್ನುತ್ತಾರೋ ಅಲ್ಲ ಎನ್ನುತ್ತಾರೋ ಎಂದು ಅವರ ಮುಖವನ್ನೇ ನೋಡುತ್ತಿದ್ದೆ. ಅವರು ಎರಡನ್ನೂ ಅನ್ನಲಿಲ್ಲ. ಅಷ್ಟು ಹೊತ್ತಿಗೆ ಅವರ ಅತ್ತಿಗೆ ಅಡುಗೆಮನೆಯಿಂದ ಬಂದು, ನಮ್ಮಲ್ಲಿ ಹೊತ್ತು ಮುಳುಗುವುದರೊಳಗೆ ಊಟ ಮುಗಿಸಬೇಕು, ಇಬ್ಬರೂ ಏಳಿ, ತಟ್ಟೆ ಹಾಕಿದ್ದೇನೆ ಎಂದರು. ಎದ್ದು ಕೈತೊಳೆಯಲು ಹೋದೆವು.